ಸಿಹಿಯ ಕುಲ ಕೇಳಬೇಡಿ, ಗುಣ ಕೇಳಿ

ಬೆಲ್ಲವೂ ಸಕ್ಕರೆಯೇ, ಸ್ಟೀವಿಯಾ ವಿಷವೂ ಅಲ್ಲ ಸಂಜೀವಿನಿಯೂ ಅಲ್ಲ ಎಂದು ಬರೆದದ್ದಕ್ಕೆ ನಮ್ಮ ಹಾಸನ ಜಿಲ್ಲೆಯಲ್ಲಿ ನನಗೆ ಎರಡು ದಿಕ್ಕಿನಿಂದಲೂ ವಿರೋಧಿಗಳು ಹುಟ್ಟಿಕೊಂಡಿದ್ದಾರೆ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಬೆಲ್ಲದ ಅಭಿಮಾನಿಗಳ ಪ್ರಕಾರ ನಾನು ಸಕ್ಕರೆ ಕಾರ್ಖಾನೆಯವರ ಕಡೆಯವನು. ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಬರುವವರಲ್ಲಿ ಕೆಲವರ ಪ್ರಕಾರ ಸ್ಟೀವಿಯಾ ಪುಡಿ ಮಾರುವವರ ಕಡೆಯವನು. ಅರಕಲಗೂಡಿನ ಹೊಗೆಸೊಪ್ಪು ಬೆಳೆಗಾರರೊಬ್ಬರು ಇನ್ನೂ ಮುಂದೆ ಹೋಗಿ, ರೈತರು ಹೊಸ ಬೆಳೆಗೆ ಕೈ ಹಾಕದಂತೆ ಹೆದರಿಸುವವನು ನಾನು ಎಂದಿದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡುವುದು ಸಲೀಸು. ಏಕೆಂದರೆ ಆಕ್ಷೇಪಗಳು ಬೇರೆ ಬೇರೆಯಾದರೂ ಅವುಗಳ ಬೇರು ಒಂದೇ: ವಸ್ತುವಿನ ಕುಲ ನೋಡಿ ಗುಣ ತೀರ್ಮಾನಿಸುವುದು.

ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಎಲ್ಲಿಂದ ಬಂತು ಎಂಬುದಷ್ಟೇ ತಿಳಿಯಿತು. ನಾಲಿಗೆ ದಾಟಿದ ಮೇಲೆ ಲೆಕ್ಕಕ್ಕೆ ಬರುವುದು ಮೂರು ಸಂಗತಿ. ಇದು ಯಾವ ಅಣು, ಇದನ್ನು ಕಾಯಿಸಿ ಬೆರೆಸಿ ಏನು ಮಾಡಿದ್ದಾರೆ, ಹೊಟ್ಟೆಗೆ ಎಷ್ಟು ಹೋಯಿತು. ಈ ಮೂರನ್ನು ಕೈಯಲ್ಲಿ ಹಿಡಿದು ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಆಕ್ಷೇಪ 1: "ಸಕ್ಕರೆ ಕೆಮಿಕಲ್ಲು, ಬೆಲ್ಲ ನ್ಯಾಚುರಲ್ಲು. ಶುಗರ್ ಇರೋರು ಬೆಲ್ಲದ ಕಾಫಿ ಕುಡಿದ್ರೆ ಏನೂ ಆಗಲ್ಲ ಸಾರ್."

ಚನ್ನರಾಯಪಟ್ಟಣ ತಾಲ್ಲೂಕಿನ ಒಂದೇ ಗದ್ದೆಯ ಕಬ್ಬು ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಗೂ ಹೋಗಬಹುದು, ಪಕ್ಕದ ಊರಿನ ಆಲೆಮನೆಗೂ ಹೋಗಬಹುದು. ಕಬ್ಬಿನ ಹಾಲಿನಲ್ಲಿರುವ ಸಿಹಿ ಎರಡು ಕಡೆಯೂ ಅದೇ ಸುಕ್ರೋಸ್. ಹನ್ನೆರಡು ಇಂಗಾಲ, ಇಪ್ಪತ್ತೆರಡು ಜಲಜನಕ, ಹನ್ನೊಂದು ಆಮ್ಲಜನಕದ ಅದೇ ಅಣು. ಕಾರ್ಖಾನೆಯವರು ಹರಳು ಬೇರ್ಪಡಿಸಿ ಕಾಕಂಬಿಯನ್ನು ಆಚೆ ಹಾಕುತ್ತಾರೆ. ಆಲೆಮನೆಯವರು ಕಾಕಂಬಿಯ ಅಂಶವನ್ನೂ ಸೇರಿಸಿಯೇ ಗಟ್ಟಿ ಮಾಡುತ್ತಾರೆ. ಒಳ್ಳೆಯ ಬೆಲ್ಲದ ನೂರು ಗ್ರಾಂನಲ್ಲಿ ಸಾಮಾನ್ಯವಾಗಿ 65ರಿಂದ 85 ಗ್ರಾಂ ಸುಕ್ರೋಸ್ ಇರುತ್ತದೆ. ಅದರ ಜೊತೆಗೆ ಸುಕ್ರೋಸ್ ಒಡೆದು ಹುಟ್ಟಿದ ಗ್ಲೂಕೋಸ್, ಫ್ರಕ್ಟೋಸ್ ಸೇರಿ ಇನ್ನೊಂದಿಷ್ಟು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೂ ಇದನ್ನೇ ಹೇಳುತ್ತದೆ. ಒಣ ತೂಕದ ಲೆಕ್ಕದಲ್ಲಿ ಒಟ್ಟು ಸಕ್ಕರೆ ಅಂಶ ಶೇ 90ಕ್ಕಿಂತ ಕಡಿಮೆ ಇದ್ದರೆ ಅದನ್ನು ಬೆಲ್ಲ ಎಂದು ಮಾರುವಂತಿಲ್ಲ. ಅಂದರೆ ಸಕ್ಕರೆ ಇಲ್ಲದ ಬೆಲ್ಲ ಕಾನೂನಿನ ಕಣ್ಣಲ್ಲಿ ಬೆಲ್ಲವೇ ಅಲ್ಲ.

ಸಣ್ಣ ಕರುಳಿನ ಗೋಡೆಯಲ್ಲಿರುವ ಸುಕ್ರೇಸ್ ಎಂಬ ಕಿಣ್ವಕ್ಕೆ ಅಚ್ಚು ಬೆಲ್ಲದ ಸುಕ್ರೋಸ್ ಯಾವುದು, ಅಂಗಡಿ ಸಕ್ಕರೆಯದ್ದು ಯಾವುದು ಎಂಬ ಭೇದವಿಲ್ಲ. ಎರಡನ್ನೂ ಒಂದೇ ಏಟಿಗೆ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು ರಕ್ತಕ್ಕೆ ಕಳಿಸುತ್ತದೆ. ನೂರು ಗ್ರಾಂ ಸಕ್ಕರೆಗೆ 400 ಕ್ಯಾಲೊರಿ ಆದರೆ ಬೆಲ್ಲಕ್ಕೆ 350ರಿಂದ 380. ಆ ಚೂರು ವ್ಯತ್ಯಾಸಕ್ಕೆ ಬೆಲ್ಲದಲ್ಲಿರುವ ನೀರೇ ಮುಖ್ಯ ಕಾರಣ. ಮೇಲಾಗಿ ಬೆಲ್ಲ ಸಕ್ಕರೆಗಿಂತ ತುಸು ಸಪ್ಪೆ; ಅಷ್ಟೇ ಸಿಹಿಗೆ ಒಂದು ಚೂರು ಹೆಚ್ಚೇ ಬೀಳುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲದ ಕಾಫಿ ಕುಡಿಯಲೇಬಾರದು ಎಂದು ನಾನು ಹೇಳಿಲ್ಲ. ಕುಡಿದದ್ದನ್ನು ಸಕ್ಕರೆ ಎಂದು ಲೆಕ್ಕ ಹಿಡಿಯಿರಿ ಎಂದೆ.

ಆಕ್ಷೇಪ 2: "ನಮ್ಮ ತಾತ ದಿನಾ ಬೆಲ್ಲ ತಿಂದೇ ತೊಂಬತ್ತು ವರ್ಷ ಬದುಕಿದ್ರು."

ನಂಬುತ್ತೇನೆ. ಆದರೆ ಆ ತಾತ ಬೆಲ್ಲ ತಿಂದದ್ದು ಯಾವಾಗ? ನೇಗಿಲು ಹೊಡೆದು ಬಂದು, ನೀರಿನ ಜೊತೆಗೆ ಒಂದು ಚೂರು. ಪಾಯಸ, ಒಬ್ಬಟ್ಟು ಹಬ್ಬಕ್ಕೆ. ಕಾಫಿ ಮನೆಗೆ ಬಂದ ನೆಂಟರಿಗೆ. ಈಗ ತಾಲ್ಲೂಕು ಕಚೇರಿಯ ಕುರ್ಚಿಯಲ್ಲಿ ಕೂತು ದಿನಕ್ಕೆ ಐದು ಸಲ 'ಬೆಲ್ಲದ ಟೀ' ಕುಡಿಯುವ ಮೊಮ್ಮಗ ತಾತನ ಆಯುಸ್ಸನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ ಎಂದು ಅಂದಾಜಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿರುವಂತೆ ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಪಾಕ, ಹಣ್ಣಿನ ರಸ ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇ 10 ದಾಟಬಾರದು, ಶೇ 5ರೊಳಗೆ ನಿಂತರೆ ಇನ್ನೂ ಒಳ್ಳೆಯದು. ಶೇ 5 ಎಂದರೆ ಸುಮಾರು 25 ಗ್ರಾಂ. ಬೆಲ್ಲಕ್ಕೆ ಆ ಲೆಕ್ಕದಿಂದ ವಿನಾಯಿತಿ ಸಿಕ್ಕಿಲ್ಲ.

ಆಕ್ಷೇಪ 3: "ಬೆಲ್ಲದಲ್ಲಿ ಕಬ್ಬಿಣ ಇದೆ. ರಕ್ತ ಹೆಚ್ಚುತ್ತೆ. ಸಕ್ಕರೆಯಲ್ಲಿ ಏನಿದೆ?"

ಸಕ್ಕರೆಯಲ್ಲಿ ಏನೂ ಇಲ್ಲ, ಒಪ್ಪಿದೆ. ಬೆಲ್ಲದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣ, ಒಂದಿಷ್ಟು ಫೀನಾಲಿಕ್ ಅಂಶಗಳು ಇವೆ, ಅದನ್ನೂ ಒಪ್ಪಿದೆ. ಈಗ ತೂಕ ಹಾಕೋಣ. ನೂರು ಗ್ರಾಂ ಬೆಲ್ಲದಲ್ಲಿ ಕಬ್ಬಿಣ ಸುಮಾರು 3ರಿಂದ 5 ಮಿಲಿಗ್ರಾಂ. ಭಾರತೀಯ ಹೆಂಗಸಿಗೆ ದಿನಕ್ಕೆ ಬೇಕೆಂದು 2020ರಲ್ಲಿ ಶಿಫಾರಸು ಮಾಡಿದ್ದು 29 ಮಿಲಿಗ್ರಾಂ. ಎರಡು ಲೋಟ ಕಾಫಿಗೆ ಬೀಳುವ 20 ಗ್ರಾಂ ಬೆಲ್ಲದಿಂದ ಸಿಗುವುದು ಹೆಚ್ಚೆಂದರೆ 1 ಮಿಲಿಗ್ರಾಂ. ಅದರಲ್ಲೂ ಗಿಡಮೂಲದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಅಲ್ಪವೇ; ಕಾಫಿ, ಟೀ ಜೊತೆಯಲ್ಲಿದ್ದರೆ ಇನ್ನೂ ಅಲ್ಪ. ದಿನದ ಕಬ್ಬಿಣವನ್ನು ಬೆಲ್ಲದಿಂದಲೇ ತುಂಬಿಸಲು ಹೊರಟರೆ ಅರ್ಧ ಕೆ.ಜಿ.ಗೂ ಹೆಚ್ಚು ಬೆಲ್ಲ ತಿನ್ನಬೇಕಾಗುತ್ತದೆ.

ಕ್ಯಾಲ್ಸಿಯಂ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಅದಕ್ಕೆ ಬರ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಮುದ್ದೆ ಉಣ್ಣುವವರು ಖನಿಜಕ್ಕಾಗಿ ಬೆಲ್ಲದ ಕಡೆ ಕೈ ಚಾಚಬೇಕಿಲ್ಲ. ಬೆಲ್ಲವನ್ನು ರುಚಿಗೆ ತಿನ್ನಿ, ಅದಕ್ಕೆ ಟಾನಿಕ್ಕಿನ ಚೀಟಿ ಅಂಟಿಸಬೇಡಿ.

ಆಕ್ಷೇಪ 4: "ನಮ್ಮ ಕಡೆ ಆಲೆಮನೆಯಲ್ಲಿ ಏನೂ ಬೆರೆಸಲ್ಲ. ಕಬ್ಬಿನ ಹಾಲು, ಬೆಂಕಿ, ಅಷ್ಟೇ."

ಈ ಆಕ್ಷೇಪಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು. ಬೆಲ್ಲದ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಕೊಪ್ಪರಿಗೆಯ ಮುಂದೆ.

ಹೇಮಾವತಿ ನಾಲೆಯ ನೀರು ಹರಿಯುವ ಹೊಳೆನರಸೀಪುರದ ಸೀಮೆಯಲ್ಲಿ ಆಲೆ ಆಡುವ ಕಾಲದಲ್ಲಿ ಯಾವುದಾದರೂ ಆಲೆಮನೆಗೆ ಹೋಗಿ ಒಂದು ಕೊಪ್ಪರಿಗೆ ಇಳಿಯುವವರೆಗೆ ನಿಂತು ನೋಡಿ. ಗಾಣದಿಂದ ಬಂದ ಹಾಲು ತುಸು ಹುಳಿ. ಪಿಎಚ್ ಐದೂಕಾಲು, ಐದೂವರೆ ಆಸುಪಾಸು. ಹುಳಿಯಲ್ಲಿ ಕುದಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದನ್ನು ತಡೆಯಲು ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ ಬಿಟ್ಟರೆ ಕಶ್ಮಲವೆಲ್ಲ ಅದಕ್ಕೆ ಅಂಟಿಕೊಂಡು ಮೇಲೆ ತೇಲುತ್ತದೆ. ಮಡ್ಡಿ ತೆಗೆಯುವವನು ಜಾಲರಿ ಹಿಡಿದು ಎತ್ತಿ ಆಚೆ ಹಾಕುತ್ತಿರುತ್ತಾನೆ. ನೊರೆ ಉಕ್ಕಿದಾಗ ನಾಲ್ಕು ಹನಿ ಎಣ್ಣೆ. ಪಾಕ 118 ಡಿಗ್ರಿ ಸೆಲ್ಸಿಯಸ್ ಸುತ್ತ ಬಂದಾಗ ಹದಗಾರ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಇಳಿಸಿ ಅಂತಾನೆ. ಇಲ್ಲಿಯವರೆಗೂ ನನ್ನ ತಕರಾರು ಏನೂ ಇಲ್ಲ. ಇದು ಅಪ್ಪಟ ರಸಾಯನಶಾಸ್ತ್ರ, ಅದೂ ಪ್ರಯೋಗಾಲಯದ ಮುಖ ನೋಡದೆ ಕಲಿತದ್ದು.

ತಕರಾರು ಶುರುವಾಗುವುದು ಬಿಳಿ ಪುಡಿಯ ಡಬ್ಬ ಹೊರಬಂದಾಗ. ಅದಕ್ಕೆ ಎಲ್ಲರೂ ಹೇಳುವ ಹೆಸರು ಹೈಡ್ರೋಸ್, ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆ ಗಿರಣಿಗಳಲ್ಲಿ ಬಣ್ಣ ತೆಗೆಯಲು ಬಳಸುವ ರಾಸಾಯನಿಕ. ಕುದಿಯುವ ಪಾಕಕ್ಕೆ ಒಂದು ಹಿಡಿ ಎರಚಿದರೆ ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ, ಕಂದು ಪಾಕ ನೋಡನೋಡುತ್ತಿದ್ದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಪುಡಿ ಬಣ್ಣದ ಅಣುಗಳನ್ನು ಅಪಕರ್ಷಿಸಿದೆ ಅಷ್ಟೇ, ಕಶ್ಮಲ ಇದ್ದಲ್ಲೇ ಇದೆ. ಗಾಳಿ ತಾಗುತ್ತ ಹೋದಂತೆ ಕೆಲವೇ ವಾರಗಳಲ್ಲಿ ಬಣ್ಣ ಮತ್ತೆ ಮಂಕಾಗುತ್ತದೆ. ಒಳಗೆ ಉಳಿದ ಗಂಧಕದ ಡೈಆಕ್ಸೈಡ್ ಉಬ್ಬಸದವರಿಗೆ ಕೆಟ್ಟದ್ದು. ನಿಯಮ ಬೆಲ್ಲದಲ್ಲಿ ಅದಕ್ಕೆ ಹಾಕಿರುವ ಮಿತಿ ಹತ್ತು ಲಕ್ಷಕ್ಕೆ 70 ಭಾಗ. ಹಿಡಿಯಲ್ಲಿ ಅಳೆದು ಎರಚುವ ಕಡೆ ಆ ಮಿತಿಯನ್ನು ಕಾಯುವವರು ಯಾರು? ಸಕ್ಕರೆ ದರ ಬೆಲ್ಲದ ದರಕ್ಕಿಂತ ಇಳಿದಾಗ ಕೊಪ್ಪರಿಗೆಗೆ ಸಕ್ಕರೆ ಮೂಟೆಯೇ ಸುರಿಯುವುದು ಹಳೇ ಮೈಸೂರು ಸೀಮೆಯಲ್ಲಿ ಗುಟ್ಟಾಗಿಯೂ ಉಳಿದಿಲ್ಲ. ಹಾಗೆ ಮಾಡಿದ ಬೆಲ್ಲವನ್ನು ಸಕ್ಕರೆಗೆ ಬದಲಿ ಎಂದು ಹೆಚ್ಚು ದುಡ್ಡು ಕೊಟ್ಟು ತರುವವರಿಗೆ ಏನು ಹೇಳುವುದು?

ಇಲ್ಲಿ ಒಂದು ಎಚ್ಚರ. ಬಿಳಿ ಬೆಲ್ಲ ಮೋಸ ಎಂದು ಕೇಳಿದ್ದೇ ತಡ, ಕಪ್ಪು ಬೆಲ್ಲವೆಲ್ಲ ಶುದ್ಧ ಎಂಬ ಹೊಸ ನಂಬಿಕೆ ಹುಟ್ಟಿದೆ. ಅದೂ ತಪ್ಪು. ಸುಣ್ಣ ಹೆಚ್ಚಾದರೂ ಬೆಲ್ಲ ಕಪ್ಪಾಗುತ್ತದೆ, ತಳ ಹಿಡಿದರೂ ಕಪ್ಪಾಗುತ್ತದೆ, ಕಡಿದು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬು ಅರೆದರೂ ಕಪ್ಪಾಗುತ್ತದೆ. ಬಣ್ಣ ಯಾವ ಕಡೆಗೂ ಸಾಕ್ಷಿ ಹೇಳುವುದಿಲ್ಲ. ಬಾಳಿಕೆಯನ್ನು ತೀರ್ಮಾನಿಸುವುದು ಒಡೆದ ಸಕ್ಕರೆ ಎಷ್ಟು ಎಂಬುದು. ಫ್ರಕ್ಟೋಸ್ ಗಾಳಿಯ ತೇವವನ್ನು ಹೀರುತ್ತದೆ. ಅದು ಹೆಚ್ಚಿದ್ದ ಬೆಲ್ಲ ಆಷಾಢದ ಗಾಳಿಗೆ ಬೆವರಿ, ಜಿನುಗಿ, ಕೊನೆಗೆ ಬೂಸ್ಟು ಹಿಡಿಯುತ್ತದೆ. ಕಬ್ಬು ಕಡಿದ ದಿನವೇ ಅರೆದು, ಸುಣ್ಣವನ್ನು ಹದವಾಗಿ ಹಾಕಿ, ಪಾಕವನ್ನು ಸರಿಯಾಗಿ ಇಳಿಸಿದ ಬೆಲ್ಲ ಮಳೆಗಾಲವನ್ನೂ ದಾಟುತ್ತದೆ. ಅದಕ್ಕೆ ಹೈಡ್ರೋಸ್ ಬೇಕಿಲ್ಲ.

ಆಕ್ಷೇಪ 5: "ಕಬ್ಬು ಬಿಡಿ, ತೆಂಗಿನ ಸಕ್ಕರೆಯ ಗ್ಲೈಸೀಮಿಕ್ ಸೂಚ್ಯಂಕ ಬರೀ 35."

ಚನ್ನರಾಯಪಟ್ಟಣ, ಅರಸೀಕೆರೆಯ ತೆಂಗು ಬೆಳೆಗಾರರಿಗೆ ಕಾಯಿ ದರ ಬಿದ್ದಾಗ, ತೆಂಗಿನ ಸಕ್ಕರೆಗೆ ಮೂಲವಾದ ಹೊಂಬಾಳೆಯ ರಸ ನೀರಾ ಒಂದು ಆಸರೆ. ಅದರ ವಿರುದ್ಧ ನಾನಿಲ್ಲ. ಆದರೆ ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಆ 35 ಎಂಬ ಅಂಕಿ ಬಂದದ್ದು ಫಿಲಿಪ್ಪೀನ್ಸ್‌ನಲ್ಲಿ ಕೆಲವೇ ಜನರ ಮೇಲೆ ನಡೆದ ಅಳತೆಯಿಂದ. ಬೇರೆ ಕಡೆ ಅಳೆದಾಗ ಅಂಕಿ ಮೇಲೇರಿದೆ. ತೆಂಗಿನ ಹೊಂಬಾಳೆಯ ರಸದಲ್ಲಿರುವ ಸಿಹಿಯ ಬಹುಪಾಲು ಅದೇ ಸುಕ್ರೋಸ್. ಹೊಂಬಾಳೆಯಿಂದ ಇಳಿದರೂ ಕಬ್ಬಿನಿಂದ ಇಳಿದರೂ ಅದರ ಸ್ವಭಾವ ಬದಲಾಗುವುದಿಲ್ಲ.

ನೀರಾದ ನಿಜವಾದ ಸಮಸ್ಯೆ ಬಾಳಿಕೆ. ಇಳಿಸಿದ ಕೆಲವೇ ಗಂಟೆಯಲ್ಲಿ ಯೀಸ್ಟು, ಬ್ಯಾಕ್ಟೀರಿಯಾ ಸೇರಿ ಅದನ್ನು ಹುಳಿಸಿ ಹೆಂಡದ ದಾರಿ ಹಿಡಿಸುತ್ತವೆ. ಹಿಂದಿನವರು ಮಡಕೆಗೆ ಸುಣ್ಣ ಬಳಿದು ತಡೆಯುತ್ತಿದ್ದರು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಮರದ ಮೇಲೆಯೇ ರಸವನ್ನು ಐಸ್ ತಣ್ಣಗೆ ಹಿಡಿದಿಡುವ ಪೆಟ್ಟಿಗೆ ರೂಪಿಸಿ, ಹಾಗೆ ಸಂಗ್ರಹಿಸಿದ್ದಕ್ಕೆ ಕಲ್ಪರಸ ಎಂದು ಹೆಸರಿಟ್ಟಿತು. ಹೆಮ್ಮೆ ಪಡಬೇಕಾದದ್ದು ಈ ಕೆಲಸಕ್ಕೆ. ಚೀಲದ ಮೇಲಿನ 35ಕ್ಕಲ್ಲ.

ಆಕ್ಷೇಪ 6: "ಸ್ಟೀವಿಯಾ ಕ್ಯಾನ್ಸರ್ ತರುತ್ತೆ, ಮಕ್ಕಳಾಗಲ್ಲ. ಅಮೆರಿಕದಲ್ಲೇ ನಿಷೇಧ ಮಾಡಿದ್ರು."

ಈಗ ಪಾರ್ಕಿನ ಗೆಳೆಯರಿಗೆ. ನೀವು ಹೇಳುವ ಮೂರಕ್ಕೂ ಹಿನ್ನೆಲೆ ಇದೆ. ಆದರೆ ಕಥೆಯ ಅರ್ಧ ಮಾತ್ರ ಹಾಸನಕ್ಕೆ ಬಂದಿದೆ.

ಪರಾಗ್ವೆಯ ಗ್ವಾರನಿ ಜನ ತಲೆತಲಾಂತರದಿಂದ ಬಳಸಿದ ಈ ಗಿಡವನ್ನು ಮೊಯ್ಸೆಸ್ ಬೆರ್ಟೋನಿ 1899ರಲ್ಲಿ ಸಸ್ಯಶಾಸ್ತ್ರಕ್ಕೆ ಪರಿಚಯಿಸಿದ. ಅದರ ಸಿಹಿ ಅಂಶ ಸ್ಟೀವಿಯೋಸೈಡ್ ಅನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞರು 1931ರಲ್ಲಿ ಬೇರ್ಪಡಿಸಿದರು. ಅಣುವಿನ ರಚನೆ ಒಂದು ಬಾಳೆಗೊನೆಯಂತಿದೆ: ನಡುವೆ ಸ್ಟೀವಿಯಾಲ್ ಎಂಬ ದಿಂಡು, ಅದಕ್ಕೆ ಅಂಟಿದ ಗ್ಲೂಕೋಸ್ ಕಾಯಿಗಳು. ಸ್ಟೀವಿಯೋಸೈಡಿನಲ್ಲಿ ಮೂರು, ರೆಬಾಡಿಯೋಸೈಡ್ ಎ ಎಂಬುದರಲ್ಲಿ ನಾಲ್ಕು. ನಮ್ಮ ಜಠರಕ್ಕಾಗಲಿ ಸಣ್ಣ ಕರುಳಿಗಾಗಲಿ ಈ ಕಾಯಿಗಳನ್ನು ಕೀಳುವ ಕಿಣ್ವವಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಕಿತ್ತು ತಾವೇ ಬಳಸಿಕೊಳ್ಳುತ್ತವೆ. ಉಳಿದ ಸ್ಟೀವಿಯಾಲ್ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಗ್ಲುಕುರೋನಿಕ್ ಆಮ್ಲದ ಜೊತೆ ಕೂಡಿ, ಮೂತ್ರದಲ್ಲಿ ಹೊರಹೋಗುತ್ತದೆ.

ಕ್ಯಾನ್ಸರ್ ಸುದ್ದಿಯ ಮೂಲ 1985ರ ಒಂದು ಪ್ರಯೋಗ. ಸ್ಟೀವಿಯಾಲ್ ಅನ್ನು ಇಲಿಯ ಯಕೃತ್ತಿನ ಕಿಣ್ವಗಳ ಜೊತೆ ಬೆರೆಸಿ ಸಾಲ್ಮೊನೆಲ್ಲಾದ ಒಂದು ತಳಿಗೆ ಕೊಟ್ಟಾಗ ಅದರಲ್ಲಿ ರೂಪಾಂತರ ಕಂಡಿತು. ಸಂಶಯ ಸಾಧುವಾದದ್ದೇ. ಅದಕ್ಕೇ ಜೀವಂತ ಪ್ರಾಣಿಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದರು; ಅಂಥ ಹಾನಿ ಕಾಣಲಿಲ್ಲ. ಜಪಾನಿನಲ್ಲಿ ಇಲಿಗಳಿಗೆ ಎರಡು ವರ್ಷ ಸ್ಟೀವಿಯೋಸೈಡ್ ತಿನ್ನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಲಿಲ್ಲ. ಮಕ್ಕಳಾಗುವುದಿಲ್ಲ ಎಂಬುದಕ್ಕೆ ಮೂಲ 1968ರಲ್ಲಿ ಗಿಡದ ಕಷಾಯವನ್ನು ಇಲಿಗಳಿಗೆ ಕುಡಿಸಿದ ಪ್ರಯೋಗ. ಮುಂದೆ ಶುದ್ಧ ಸ್ಟೀವಿಯೋಸೈಡನ್ನು ಹ್ಯಾಮ್ಸ್ಟರ್‌ಗಳಿಗೆ ಬಹಳ ದೊಡ್ಡ ಪ್ರಮಾಣದಲ್ಲಿ ಕೊಟ್ಟರೂ ಸಂತಾನಕ್ಕೆ ತೊಂದರೆ ಆಗಲಿಲ್ಲ. ಅಮೆರಿಕ 1991ರಲ್ಲಿ ಆಮದು ತಡೆದದ್ದು ನಿಜ. ಶುದ್ಧ ರೆಬಾಡಿಯೋಸೈಡ್ ಎ ಬಳಕೆಗೆ 2008ರಲ್ಲಿ ಆಕ್ಷೇಪವಿಲ್ಲ ಎಂದದ್ದೂ ಅಷ್ಟೇ ನಿಜ. ಯುರೋಪು 2011ರಲ್ಲಿ ಒಪ್ಪಿತು, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ. ಜಪಾನೀಯರು 1970ರ ದಶಕದಿಂದಲೇ ತಿನ್ನುತ್ತಿದ್ದಾರೆ.

ಎಷ್ಟು ತಿನ್ನಬಹುದು ಎಂಬುದಕ್ಕೂ ಲೆಕ್ಕವಿದೆ. ಇಲಿಗಳಿಗೆ ತೊಂದರೆ ಕಾಣದ ಪ್ರಮಾಣವನ್ನು ನೂರರಿಂದ ಭಾಗಿಸಿ, ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ತಜ್ಞ ಸಮಿತಿ 2008ರಲ್ಲಿ ಮಿತಿ ಗೊತ್ತುಮಾಡಿತು. ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 4 ಮಿಲಿಗ್ರಾಂ, ಸ್ಟೀವಿಯಾಲ್ ಲೆಕ್ಕದಲ್ಲಿ. 60 ಕೆ.ಜಿ. ಮನುಷ್ಯನಿಗೆ 240 ಮಿಲಿಗ್ರಾಂ ಸ್ಟೀವಿಯಾಲ್, ಅಂದರೆ ಸುಮಾರು 720 ಮಿಲಿಗ್ರಾಂ ರೆಬಾಡಿಯೋಸೈಡ್ ಎ. ಅದು ಸಕ್ಕರೆಗಿಂತ ಸುಮಾರು 250 ಪಟ್ಟು ಸಿಹಿ. ಎರಡು ಚಮಚ ಸಕ್ಕರೆಯ ಕಾಫಿಗೆ 40 ಮಿಲಿಗ್ರಾಂ ಸಾಕು. ಮಿತಿ ಮುಟ್ಟಬೇಕಾದರೆ ದಿನಕ್ಕೆ ಹದಿನೆಂಟು ಕಾಫಿ ಕುಡಿಯಬೇಕು. ಅಷ್ಟು ಕುಡಿದವರಿಗೆ ಸ್ಟೀವಿಯಾಗಿಂತ ಮೊದಲು ಕಾಫಿಯೇ ಪಾಠ ಕಲಿಸುತ್ತದೆ.

ಆಕ್ಷೇಪ 7: "ಬಿಸಿ ಮಾಡಿದರೆ ಅದು ವಿಷ ಆಗುತ್ತೆ."

ಇದು ಬೇರೊಂದು ವಸ್ತುವಿನ ಅಪವಾದ ಸ್ಟೀವಿಯಾದ ತಲೆಗೆ ಬಂದದ್ದು. ಸುಕ್ರಲೋಸ್ ಎಂಬ ಕೃತಕ ಸಿಹಿಯಲ್ಲಿ ಕ್ಲೋರಿನ್ ಪರಮಾಣುಗಳಿವೆ. ಅದನ್ನು ಅತಿ ಬಿಸಿಯಲ್ಲಿ ಬೇಯಿಸಿದರೆ ಹಾನಿಕರ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದೆಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಸ್ಟೀವಿಯಾದ ಸಿಹಿ ಅಣುವಿನಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಬಿಟ್ಟರೆ ಬೇರೇನೂ ಇಲ್ಲ. ಇಲ್ಲದ ಕ್ಲೋರಿನ್ ಎಲ್ಲಿಂದ ಬರಬೇಕು?

ಒಣ ಸ್ಟೀವಿಯೋಸೈಡ್ 120 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೂ ತಡೆಯುತ್ತದೆ. 140 ದಾಟಿದ ಮೇಲೆ ಒಡೆಯಲು ಶುರುಮಾಡುತ್ತದೆ. ನೀರಿನಲ್ಲಿ ಕರಗಿಸಿದಾಗ ಪಿಎಚ್ 2ರಿಂದ 10ರವರೆಗೆ, 80 ಡಿಗ್ರಿಯ ಬಿಸಿಯಲ್ಲೂ ಗಟ್ಟಿಯಾಗಿಯೇ ನಿಲ್ಲುತ್ತದೆ. ತೀರಾ ಹುಳಿಯಾದ ದ್ರಾವಣದಲ್ಲಿ ಬಿಸಿ ಮಾಡಿದರೆ ಗ್ಲೂಕೋಸ್ ಒಂದೊಂದಾಗಿ ಕಳಚಿ ಸಿಹಿ ಇಳಿಯುತ್ತದೆ. ಹಾಗಾಗಿ ಕಾಫಿ, ಪಾಯಸ, ನಿಂಬೆ ಪಾನಕಕ್ಕೆ ಅಡ್ಡಿಯಿಲ್ಲ. ಆದರೆ ಪಾಕದ ಕೆಲಸ ಅದರಿಂದ ಆಗದು. ಮೈಸೂರು ಪಾಕಿನ ಎಳೆ, ಕಡಲೆಕಾಯಿ ಚಿಕ್ಕಿಯ ಬಿಗುವು, ಒಬ್ಬಟ್ಟಿನ ಹೂರಣದ ಹದ, ಉಪ್ಪಿನಕಾಯಿಗೆ ಹಾಕಿದ ಬೆಲ್ಲ ತೇವ ಕಟ್ಟಿಹಾಕಿ ಕೆಡದಂತೆ ಕಾಯುವುದು, ಇವೆಲ್ಲ ಆಗಬೇಕಾದರೆ ಹಿಡಿಗಟ್ಟಲೆ ಸಕ್ಕರೆ ಅಣು ಬೇಕು. 40 ಮಿಲಿಗ್ರಾಂ ಪುಡಿ ಅದನ್ನು ಮಾಡಲಾರದು. ಜೊತೆಗೆ ಅದು ನಾಲಿಗೆಯ ಕಹಿ ಗ್ರಾಹಕಗಳನ್ನೂ ತಟ್ಟುತ್ತದೆ. ಕೊನೆಯಲ್ಲಿ ಉಳಿಯುವ ಕಹಿ ನಿಮ್ಮ ಭ್ರಮೆಯಲ್ಲ.

ಆಕ್ಷೇಪ 8: "ಹಾಗಾದ್ರೆ ಪುಡಿ ಯಾಕೆ? ಹಿತ್ತಲಲ್ಲಿ ಗಿಡ ನೆಟ್ಟು ಎಲೆಯನ್ನೇ ಹಾಕಿಕೊಂಡರೆ ಅಪ್ಪಟ ನೈಸರ್ಗಿಕ ತಾನೆ?"

ಮೇಲೆ ಹೇಳಿದ ಪರೀಕ್ಷೆ, ಮಿತಿ, ಒಪ್ಪಿಗೆ ಎಲ್ಲವೂ ಶೇ 95ಕ್ಕೂ ಹೆಚ್ಚು ಶುದ್ಧೀಕರಿಸಿದ ಅಂಶಕ್ಕೆ ಸಿಕ್ಕಿದ್ದು. ಎಲೆಯಲ್ಲಿ ಸಿಹಿ ಅಂಶದ ಜೊತೆ ನೂರೆಂಟು ಬೇರೆ ಅಣುಗಳಿವೆ, ಗಿಡದಿಂದ ಗಿಡಕ್ಕೆ ಪ್ರಮಾಣವೂ ಬದಲು. ಅಮೆರಿಕ ಹಸಿ ಎಲೆಯನ್ನಾಗಲಿ ಕಚ್ಚಾ ಸಾರವನ್ನಾಗಲಿ ಸಿಹಿಕಾರಕವಾಗಿ ಇಂದಿಗೂ ಒಪ್ಪಿಲ್ಲ. ಅಪರೂಪಕ್ಕೆ ಎರಡು ಎಲೆ ಕಷಾಯಕ್ಕೆ ಹಾಕಿದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಪುಡಿಗೆ ಸಿಕ್ಕ ಪ್ರಮಾಣಪತ್ರವನ್ನು ಎಲೆಗೆ ಅಂಟಿಸುವುದು ತಪ್ಪು.

ಗಿಡದ್ದೆಂದರೆ ಸಾಧು ಎಂಬ ನಂಬಿಕೆಗೆ ಗ್ರಂದಿಗೆ ಅಂಗಡಿಯಲ್ಲೇ ಮದ್ದಿದೆ. ಜ್ಯೇಷ್ಠಮಧು ಅಥವಾ ಅತಿಮಧುರದ ಬೇರು ಸಕ್ಕರೆಗಿಂತ ಬಹುಪಟ್ಟು ಸಿಹಿ. ಅದರ ಸಿಹಿ ಗ್ಲಿಸಿರೈಜಿನ್ ಎಂಬ ಅಣುವಿನದು. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಅನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ದೇಹ ಉಪ್ಪು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯದ ಬಡಿತವೂ ತಪ್ಪಬಹುದು. ದಿನಕ್ಕೆ 100 ಮಿಲಿಗ್ರಾಂ ದಾಟದಿರಲಿ ಎಂಬುದು ಯುರೋಪಿನ ತಜ್ಞರ ಸಲಹೆ. ಕೆಮ್ಮಿಗೆ ನಾಲ್ಕು ದಿನ ಬೇರು ಕಚ್ಚಿದವರು ಹೆದರಬೇಕಿಲ್ಲ; ಬಿ.ಪಿ. ಮಾತ್ರೆ ನುಂಗುವವರು ಅದನ್ನು ದಿನನಿತ್ಯದ ಸಿಹಿ ಮಾಡಿಕೊಂಡರೆ ಆಸ್ಪತ್ರೆ ಸೇರಬೇಕಾದೀತು. ಗಿಡದ ಸಿಹಿ, ಸಾವಿರಾರು ವರ್ಷದ ಬಳಕೆ, ಪೂರಾ ನೈಸರ್ಗಿಕ. ಆದರೂ ಸ್ಟೀವಿಯಾಗಿಂತ ಇದರ ಮಿತಿಯೇ ಬಿಗಿ.

ಇನ್ನು ಅಂಗಡಿಯ ಪೊಟ್ಟಣ. ಹಾಸನದ ಬಿ.ಎಂ. ರಸ್ತೆಯ ಯಾವ ದೊಡ್ಡ ದಿನಸಿ ಅಂಗಡಿಯಲ್ಲಾದರೂ ಹಸಿರು ಎಲೆ ಅಚ್ಚುಹಾಕಿದ ಪೊಟ್ಟಣ ಎತ್ತಿಕೊಂಡು ಹಿಂಬದಿಯ ಸಣ್ಣಕ್ಷರ ಓದಿ. ಎಷ್ಟೋ ಪೊಟ್ಟಣಗಳಲ್ಲಿ ಮೊದಲು ಇರುವುದು ಎರಿಥ್ರಿಟಾಲ್, ಇಲ್ಲವೇ ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್. ಸ್ಟೀವಿಯಾದ ಪಾಲು ನೂರಕ್ಕೆ ಒಂದೆರಡು. 40 ಮಿಲಿಗ್ರಾಂ ಪುಡಿಯನ್ನು ಚಮಚದಲ್ಲಿ ಅಳೆಯಲಾಗದು, ಅದಕ್ಕೆ ತೂಕ ತುಂಬಿಸುತ್ತಾರೆ. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ಮಾಲ್ಟೋಡೆಕ್ಸ್‌ಟ್ರಿನ್ ರಕ್ತದ ಸಕ್ಕರೆಯನ್ನು ಸಕ್ಕರೆಗಿಂತಲೂ ಬೇಗ ಏರಿಸುತ್ತದೆ. ಎರಿಥ್ರಿಟಾಲ್ ಹೆಚ್ಚಿದ್ದ ರಕ್ತಕ್ಕೂ ಹೃದಯಾಘಾತ, ಪಾರ್ಶ್ವವಾಯುಗಳಿಗೂ ನಂಟು ಕಂಡಿದೆ ಎಂದು ಅಮೆರಿಕದ ಕ್ಲೀವ್ಲೆಂಡ್ ಕ್ಲಿನಿಕ್ ತಂಡ 2023ರಲ್ಲಿ ವರದಿ ಮಾಡಿದೆ. ನಂಟು ಎಂದರೆ ಕಾರಣ ಎಂದು ಸಿದ್ಧವಾದಂತಲ್ಲ. ಆದರೆ ಹೃದಯದ ತೊಂದರೆ ಇರುವವರು ಆ ಪೊಟ್ಟಣವನ್ನು ಸ್ಟೀವಿಯಾ ಎಂದುಕೊಂಡು ಚಮಚಗಟ್ಟಲೆ ಸುರಿದುಕೊಳ್ಳುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಲಿ.

ಆಕ್ಷೇಪ 9: "ವಿಶ್ವ ಆರೋಗ್ಯ ಸಂಸ್ಥೆಯೇ ಸ್ಟೀವಿಯಾ ಬೇಡ ಅಂದಿದೆಯಲ್ಲ?"

ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದ್ದು, ತೂಕ ಇಳಿಸುವ ಉದ್ದೇಶಕ್ಕೆ ಸಕ್ಕರೆಯೇತರ ಸಿಹಿಗಳನ್ನು ನೆಚ್ಚಬೇಡಿ ಎಂದು. ಆ ಪಟ್ಟಿಯಲ್ಲಿ ಸ್ಟೀವಿಯಾವೂ ಇದೆ. ಸಲಹೆ ಷರತ್ತಿಗೆ ಒಳಪಟ್ಟದ್ದು, ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸದು ಎಂದೂ ಅಲ್ಲೇ ಬರೆದಿದೆ. ಅದು ವಿಷ ಎಂಬ ತೀರ್ಪಲ್ಲ. ಅದರಿಂದ ತೂಕ ಇಳಿದೀತೆಂದು ಕೂರಬೇಡಿ, ಸಿಹಿಯ ಚಪಲವನ್ನೇ ಇಳಿಸಿ ಎಂಬ ಬುದ್ಧಿಮಾತು. ಇದನ್ನು ಓದಿ ಸ್ಟೀವಿಯಾ ಬಿಸಾಡಿ ಬೆಲ್ಲಕ್ಕೆ ಮರಳಿದವರು ಸಲಹೆಯನ್ನು ತಲೆಕೆಳಗು ಮಾಡಿಕೊಂಡಿದ್ದಾರೆ.

ಆಕ್ಷೇಪ 10: "ನೀವು ರೈತರ ಹೊಟ್ಟೆ ಮೇಲೆ ಹೊಡೀತಿದ್ದೀರಿ."

ಅರಕಲಗೂಡಿನವರಿಗೆ ಮೊದಲು. ಸ್ಟೀವಿಯಾ ಬೆಳೆಯಬೇಡಿ ಎಂದು ನಾನು ಹೇಳಿಲ್ಲ. ಕೇಳಿ ಬೆಳೆಯಿರಿ ಎಂದೆ. ಅದು ಹಗಲು ಕಿರಿದಾದರೆ ಹೂ ಬಿಡುವ ಗಿಡ. ಹಗಲು ಸುಮಾರು 13 ಗಂಟೆಗಿಂತ ಕಡಿಮೆಯಾದರೆ ಮೊಗ್ಗು ಕಟ್ಟುತ್ತದೆ. ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ದಾಟುವುದಿಲ್ಲ. ಅಂದರೆ ಗಿಡಕ್ಕೆ ಯಾವಾಗಲೂ ಹೂವಿನ ಆತುರ. ಹೂ ಬಿಟ್ಟರೆ ಎಲೆಯ ಇಳುವರಿಯೂ ಕುಗ್ಗುತ್ತದೆ, ಸಿಹಿ ಅಂಶವೂ ಇಳಿಯುತ್ತದೆ. ಮೊಗ್ಗು ಚಿವುಟುವ ಕೂಲಿ ಲೆಕ್ಕಕ್ಕೆ ಸೇರಿಸಿ. ಒಣಗಿಸಿದ ಎಲೆಯಿಂದ ಸಿಹಿ ತೆಗೆಯುವ ಘಟಕ ಎಷ್ಟು ದೂರದಲ್ಲಿದೆ, ಎಲೆಗೆ ದರ ತೂಕದ ಮೇಲೋ ಸಿಹಿ ಅಂಶದ ಮೇಲೋ, ಕೊಳ್ಳುತ್ತೇವೆ ಎಂದವರು ಬರವಣಿಗೆಯಲ್ಲಿ ಕೊಟ್ಟಿದ್ದಾರೋ ಎಂದು ಸಸಿಗೆ ದುಡ್ಡು ಕೊಡುವ ಮುಂಚೆ ಕೇಳಿ.

ಆಲೆಮನೆಯವರಿಗೆ ಎರಡನೆಯದು. ನಿಮ್ಮ ಒಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಾರ್ಖಾನೆಯ ಸಕ್ಕರೆಯೂ ಗಂಧಕದ ಹೊಗೆ, ಸುಣ್ಣ ಎರಡನ್ನೂ ದಾಟಿಯೇ ಬಿಳಿಯಾಗುತ್ತದೆ. ರಾಸಾಯನಿಕದ ಆರೋಪವನ್ನು ನಿಮ್ಮೊಬ್ಬರ ಮೇಲೆಯೇ ಹೊರಿಸುವುದು ಅನ್ಯಾಯ. ಆದರೆ ಕಾರ್ಖಾನೆಯಲ್ಲಿ ಅಳೆಯುವ ಪ್ರಯೋಗಾಲಯವಿದೆ, ನಿಮ್ಮಲ್ಲಿ ಇಲ್ಲ. ಹೈಡ್ರೋಸ್ ಹಾಕದವನ ಬೆಲ್ಲಕ್ಕೂ ಹಾಕಿದವನ ಬೆಲ್ಲಕ್ಕೂ ಮಂಡಿಯಲ್ಲಿ ಬಣ್ಣ ನೋಡಿ ದರ ಕಟ್ಟುವವರೆಗೆ ಪ್ರಾಮಾಣಿಕನೇ ಸೋಲುತ್ತಾನೆ. ಕಾರೇಕೆರೆಯ ಕೃಷಿ ಕಾಲೇಜಿನಂಥ ಸಂಸ್ಥೆ ಜಿಲ್ಲೆಯೊಳಗೇ ಇರುವಾಗ, ಆಲೆಮನೆಗಳು ಗುಂಪಾಗಿ ಪಿಎಚ್ ಪಟ್ಟಿ, ಉಷ್ಣಮಾಪಕ, ಗಂಧಕದ ಪರೀಕ್ಷೆಯ ವ್ಯವಸ್ಥೆ ಕೇಳಿ ಪಡೆಯುವುದು ಅಸಾಧ್ಯವಲ್ಲ.

ವಾದ ಇಷ್ಟೇ. ನೈಸರ್ಗಿಕ ಎಂಬ ಪದಕ್ಕೆ ಬೆಲೆ ಕೊಡುವ ಬದಲು ಅಳೆದ ಅಂಕಿಗೆ ಕೊಡಿ. ಸ್ಟೀವಿಯಾ ಮಾರುವವರು ಪೊಟ್ಟಣದ ಮುಂಭಾಗದಲ್ಲೇ ಶೇಕಡಾವಾರು ಪಾಲು ಬರೆಯಲಿ. ಬೆಲ್ಲ ಮಾರುವವರು ಕೊಪ್ಪರಿಗೆ ಇಳಿಸಿದ ದಿನಾಂಕವನ್ನೂ ಗಂಧಕದ ಅಂಕಿಯನ್ನೂ ಬರೆಯಲಿ. ಅಂಥ ಚೀಟಿ ಅಂಟಿಸಿದ ಹೊಳೆನರಸೀಪುರದ ಅಚ್ಚು ಬೆಲ್ಲ ಹಾಸನದ ಸಂತೆಗೆ ಬಂದ ದಿನ, ಕೆ.ಜಿ.ಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಮೊದಲು ಕೊಳ್ಳುವವನು ನಾನೇ. ತಿನ್ನುವಾಗ ಮಾತ್ರ ಅದನ್ನು ಸಕ್ಕರೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ.